ಮೇಲ್ಮನೆಯಲ್ಲಿ ಕೂರುವವರು ಯಾರು?

ಬೆಂಗಳೂರಿನಲ್ಲಿರುವ ಡಿಗ್ರಿ ಮಾಡಿದವರಿಗೆ ಒಂದು ವೋಟು ಜಾಸ್ತಿ ಇದೆ. ಎಂಎಲ್‌ಎ, ಎಂಪಿ ಚುನಾವಣೆ ಎಲ್ಲರಿಗೂ ಒಂದೇ. ಆದರೆ ರಾಜ್ಯದ ಮೇಲ್ಮನೆಯಾದ ವಿಧಾನ ಪರಿಷತ್ತಿಗೆ ಪದವೀಧರ ಕ್ಷೇತ್ರದಿಂದ ಆರು ವರ್ಷಕ್ಕೊಮ್ಮೆ ಒಬ್ಬರನ್ನು ಕಳಿಸುವ ಹಕ್ಕು ಪದವೀಧರರಿಗೆ ಮಾತ್ರ. ಎಷ್ಟೋ ಜನಕ್ಕೆ ಈ ವಿಷಯ ಗೊತ್ತೇ ಇರುವುದಿಲ್ಲ. ಯಾಕೆಂದರೆ ಇಲ್ಲಿ ಹಳೆಯ ವೋಟರ್ ಲಿಸ್ಟ್ ನಡೆಯುವುದಿಲ್ಲ. ಪ್ರತಿ ಸಲವೂ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಡಿಗ್ರಿ ಮುಗಿದು ಮೂರು ವರ್ಷ ಆಗಿರಬೇಕು. ನಮೂನೆ 18 ತುಂಬಿ, ಸರ್ಟಿಫಿಕೇಟಿನ ನಕಲು ಹಚ್ಚಿ ಕೊಡಬೇಕು. ಹೋದ ಸಲ ಕೊಟ್ಟಿದ್ದರೂ ಮತ್ತೆ ಕೊಡಬೇಕು.

ಮತಗಟ್ಟೆಯಲ್ಲಿ ಇವಿಎಂ ಇರುವುದಿಲ್ಲ. ಕಾಗದದ ಬ್ಯಾಲೆಟ್ ಕೊಡುತ್ತಾರೆ, ಜೊತೆಗೆ ನೇರಳೆ ಬಣ್ಣದ ಒಂದು ಸ್ಕೆಚ್ ಪೆನ್. ಹೆಸರುಗಳ ಮುಂದೆ 1, 2, 3 ಎಂದು ನಮ್ಮ ಆಯ್ಕೆಯನ್ನು ಅಂಕಿಯಲ್ಲಿ ಬರೆಯಬೇಕು. ಟಿಕ್ ಹಾಕಿದರೆ ಅಥವಾ ಜೇಬಿನ ಪೆನ್ನು ತೆಗೆದು ಬರೆದರೆ ವೋಟು ಅಸಿಂಧು. ಡಿಗ್ರಿ ಓದಿದವರೇ ಇಲ್ಲಿ ಎಡವುತ್ತಾರೆ. ಇನ್ನೊಂದು ತಮಾಷೆ ಇದೆ. ವೋಟು ಹಾಕಲು ಡಿಗ್ರಿ ಬೇಕು, ನಿಲ್ಲಲು ಬೇಡ. 1972ರಲ್ಲಿ ಸುಪ್ರೀಂ ಕೋರ್ಟ್ ಮದ್ರಾಸಿನ ಒಂದು ಕೇಸಿನಲ್ಲಿ ಹಾಗೆಂದು ತೀರ್ಪು ಕೊಟ್ಟಿದೆ.

ಓದಿದವರಿಗೆ ಪ್ರತ್ಯೇಕ ಸೀಟು ಎನ್ನುವ ಯೋಚನೆ ಇಂಗ್ಲೆಂಡಿನದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳಿಗೆ 1603ರಿಂದಲೇ ಪಾರ್ಲಿಮೆಂಟಿನಲ್ಲಿ ಸ್ಥಾನ ಇತ್ತು. ಒಬ್ಬರಿಗೆ ಎರಡು ವೋಟು ಯಾಕೆ ಎಂಬ ಪ್ರಶ್ನೆ ಎದ್ದು, 1948ರ ಕಾನೂನು ಅದನ್ನು ತೆಗೆದುಹಾಕಿತು. ಅದೇ ಹೊತ್ತಿಗೆ ದೆಹಲಿಯಲ್ಲಿ ನಮ್ಮ ಸಂವಿಧಾನ ಬರೆಯುತ್ತಿದ್ದವರು ಪದವೀಧರ ಕ್ಷೇತ್ರವನ್ನು ಒಳಗೆ ಸೇರಿಸಿಕೊಂಡರು. ಇಂಗ್ಲೆಂಡಿನವರು ಬಿಟ್ಟಿದ್ದನ್ನು ನಾವು ಹಿಡಿದುಕೊಂಡೆವು. ಐರ್ಲೆಂಡ್ ಕೂಡ ತನ್ನ ಮೇಲ್ಮನೆಯ 60 ಸ್ಥಾನಗಳಲ್ಲಿ 6 ಸ್ಥಾನಗಳನ್ನು ಪದವೀಧರರಿಗೇ ಇಟ್ಟಿದೆ.

ಎರಡು ಸಭೆ ಎನ್ನುವುದು ಮೈಸೂರು ಸೀಮೆಗೆ ಹೊಸದೇನಲ್ಲ. ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ದಸರಾ ಹೊತ್ತಿಗೆ 144 ಜನ ಮೈಸೂರಿನಲ್ಲಿ ಸೇರಿದರು. ಕಾನೂನು ಮಾಡುವ ಅಧಿಕಾರ ಅವರಿಗೆ ಇರಲಿಲ್ಲ. ಊರಿನ ಕಷ್ಟ ಹೇಳಿಕೊಳ್ಳಬಹುದಿತ್ತು, ದಿವಾನರು ಹೇಳಿದ್ದನ್ನು ಕೇಳಬಹುದಿತ್ತು, ಅಷ್ಟೇ. ಕಾನೂನಿನ ಕೆಲಸಕ್ಕೆಂದು 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1949ರಲ್ಲಿ ಎರಡೂ ಮುಗಿದವು. 1952ರ ಜೂನ್‌ನಲ್ಲಿ ಹೊಸ ವಿಧಾನಸಭೆಯ ಮೊದಲ ಅಧಿವೇಶನ ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಯಲ್ಲಿ ನಡೆಯಿತು, ಎದುರಿಗೆ ವಿಧಾನಸೌಧ ಇನ್ನೂ ಕಟ್ಟುತ್ತಿದ್ದರು.

ರಾಜ್ಯಗಳಿಗೆ ಎರಡನೇ ಮನೆ ಬೇಕಾ ಎಂಬ ಬಗ್ಗೆ ಅಂಬೇಡ್ಕರ್ ಅವರಿಗೇ ಪೂರ್ತಿ ಒಲವಿರಲಿಲ್ಲ. ಇದು ಒಂದು ಪ್ರಯೋಗ ಎಂದೇ ಅವರು ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಬೇಡವಾದಾಗ ತೆಗೆಯಲು 169ನೇ ವಿಧಿಯ ದಾರಿಯೂ ಇದೆ. ವಿಧಾನಸಭೆ ನಿರ್ಣಯ ಮಾಡಬೇಕು, ಪಾರ್ಲಿಮೆಂಟ್ ಕಾನೂನು ಮಾಡಬೇಕು. ಈಗ ಪರಿಷತ್ ಇರುವುದು ಆರೇ ರಾಜ್ಯಗಳಲ್ಲಿ.

ನಮ್ಮ ಪರಿಷತ್ತಿನ 75 ಜನರಲ್ಲಿ 25 ಜನರನ್ನು ಎಂಎಲ್‌ಎಗಳು ಆರಿಸುತ್ತಾರೆ, 25 ಜನರನ್ನು ಸ್ಥಳೀಯ ಸಂಸ್ಥೆಗಳವರು. ಪದವೀಧರರದ್ದು 7, ಶಿಕ್ಷಕರದ್ದು 7, ಉಳಿದ 11 ನಾಮನಿರ್ದೇಶನ. ಇದರಲ್ಲಿ ಸ್ಥಳೀಯ ಸಂಸ್ಥೆಗಳ ಲೆಕ್ಕ ನೋಡಿ. ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಚುನಾವಣೆ ನಡೆಯಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬೆಂಗಳೂರು ನಗರ ಕ್ಷೇತ್ರದಿಂದ ಪರಿಷತ್ತಿಗೆ ಆಯ್ಕೆ ನಡೆದಾಗ ವೋಟು ಹಾಕಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಇಷ್ಟು ದೊಡ್ಡ ಊರಿನ ಸೀಟು, ತೀರ್ಮಾನಿಸಿದ್ದು ಹೆಚ್ಚಾಗಿ ಸುತ್ತಲಿನ ಗ್ರಾಮ ಪಂಚಾಯ್ತಿ ಸದಸ್ಯರು! ಚಿಂತಕರ ಚಾವಡಿ ಎನ್ನುತ್ತಾರೆ. ಆದರೆ ಟಿಕೆಟ್ ಸಿಗದವರಿಗೆ, ಸೋತವರಿಗೆ ಸಮಾಧಾನ ಮಾಡುವ ಜಾಗ ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ.

ಅಮೆರಿಕದಲ್ಲೂ ಒಂದು ಕಾಲಕ್ಕೆ ಸೆನೆಟರುಗಳನ್ನು ರಾಜ್ಯಗಳ ಶಾಸಕರೇ ಆರಿಸುತ್ತಿದ್ದರು. ದುಡ್ಡು ಕೈ ಬದಲಾಯಿತು ಎಂಬ ದೂರುಗಳು ಬಂದವು. ಶಾಸಕರು ಒಮ್ಮತಕ್ಕೆ ಬರದೆ ಸೀಟುಗಳು ಖಾಲಿ ಬಿದ್ದಿದ್ದೂ ಉಂಟು. 1913ರಲ್ಲಿ ಸಂವಿಧಾನ ತಿದ್ದಿ ಆಯ್ಕೆಯನ್ನು ನೇರವಾಗಿ ಜನರ ಕೈಗೆ ಕೊಟ್ಟರು. ಜರ್ಮನಿಯದು ಬೇರೆಯೇ ದಾರಿ. ಅಲ್ಲಿನ ಮೇಲ್ಮನೆಗೆ ಚುನಾವಣೆಯೇ ಇಲ್ಲ, ರಾಜ್ಯ ಸರ್ಕಾರಗಳು ತಮ್ಮ ಮಂತ್ರಿಗಳನ್ನೇ ಕಳಿಸುತ್ತವೆ.

ಹಾಗಾದರೆ ಪರಿಷತ್ತಿನ ಕೈಯಲ್ಲಿ ಏನಿದೆ? ತಡ ಮಾಡುವುದು, ಅಷ್ಟೇ. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆ ಬಂತು. ವರ್ಷಕ್ಕೆ ಕೋಟಿಗಿಂತ ಜಾಸ್ತಿ ಆದಾಯದ ದೇವಸ್ಥಾನಗಳಿಂದ ಶೇ 10ರಷ್ಟನ್ನು ಸಾಮಾನ್ಯ ನಿಧಿಗೆ ಪಡೆಯುವುದು ಅದರ ಒಂದು ಅಂಶ. ವಿಧಾನಸಭೆಯಲ್ಲಿ ಪಾಸಾಯಿತು. ಪರಿಷತ್ತಿನಲ್ಲಿ ಆಗ ವಿರೋಧ ಪಕ್ಷಗಳ ಸಂಖ್ಯೆ ಜಾಸ್ತಿ ಇತ್ತು, ಧ್ವನಿಮತದಲ್ಲಿ ಬಿದ್ದುಹೋಯಿತು. ತಿಂಗಳು ಮುಗಿಯುವುದರೊಳಗೆ ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿತು. ಎರಡನೇ ಸಲ ಪರಿಷತ್ತಿನ ಆಟ ನಡೆಯುವುದಿಲ್ಲ. ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ಹಿಡಿದಿಡಬಹುದು. ಹಣಕಾಸು ಮಸೂದೆಯಾದರೆ 14 ದಿನ.

ಬ್ರಿಟನ್ನಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್ ಇದಕ್ಕಿಂತ ಗಟ್ಟಿ. 1909ರಲ್ಲಿ ಅದು ಬಜೆಟ್ಟನ್ನೇ ತಿರಸ್ಕರಿಸಿತು, ಶ್ರೀಮಂತರ ಮೇಲೆ ತೆರಿಗೆ ಹಾಕಿದ್ದ ಬಜೆಟ್. ಎರಡು ಚುನಾವಣೆ ನಡೆದವು. ಮೇಲ್ಮನೆಯ ಅಧಿಕಾರ ಕಡಿಮೆ ಮಾಡುವ ಮಸೂದೆಯನ್ನು ಒಪ್ಪದಿದ್ದರೆ ನೂರಾರು ಹೊಸ ಲಾರ್ಡ್‌ಗಳನ್ನು ತುಂಬುತ್ತೇವೆ ಎಂದು ಸರ್ಕಾರ ಹೆದರಿಸಿತು. 1911ರಲ್ಲಿ ಲಾರ್ಡ್‌ಗಳು ಬಗ್ಗಿದರು. ತಡೆಯುವ ಅಧಿಕಾರ ಎರಡು ವರ್ಷಕ್ಕೆ, 1949ರಲ್ಲಿ ಒಂದು ವರ್ಷಕ್ಕೆ ಇಳಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಲ್ವಾ, ಕಾನೂನಿಗೆ ಒಂದಷ್ಟು ತಡೆ ಇರುವುದು ಒಳ್ಳೆಯದೇ ಎಂದು ನನಗೂ ಅನಿಸುತ್ತದೆ. ಆದರೆ ತಡೆಯುವವರನ್ನು ಯಾರು ಆರಿಸಿದ್ದು ಎನ್ನುವುದಕ್ಕೂ ಉತ್ತರ ಬೇಕು.

ಅಂಥ ಉತ್ತರ ಇಲ್ಲದ ಮನೆಗಳು ಮುಚ್ಚಿಹೋಗಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 1922ರಲ್ಲಿ, ನ್ಯೂಜಿಲೆಂಡ್ 1950ರಲ್ಲಿ ಮೇಲ್ಮನೆ ತೆಗೆದವು. ಎರಡೂ ಕಡೆ ಸದಸ್ಯರು ನೇಮಕಗೊಂಡವರು, ಎರಡೂ ಕಡೆ ಸರ್ಕಾರ ಹಿಡಿದ ದಾರಿ ಒಂದೇ. ಮನೆ ಮುಚ್ಚಲು ವೋಟು ಹಾಕುವವರನ್ನೇ ಒಳಗೆ ನೇಮಿಸಿತು.

ನಮ್ಮ ಪಕ್ಕದ ಆಂಧ್ರ ಮಾತ್ರ ತೆಗೆಯುತ್ತಲೂ ಇರುತ್ತದೆ, ತರುತ್ತಲೂ ಇರುತ್ತದೆ. ಎನ್‌ಟಿಆರ್ 1985ರಲ್ಲಿ ಪರಿಷತ್ ರದ್ದು ಮಾಡಿಸಿದರು, 2007ರಲ್ಲಿ ಅದು ವಾಪಸ್ ಬಂತು. 2020ರ ಜನವರಿಯಲ್ಲಿ ಮೂರು ರಾಜಧಾನಿಗಳ ಮಸೂದೆ ಪರಿಷತ್ತಿನಲ್ಲಿ ಸಿಕ್ಕಿಕೊಂಡಿತು. ಕೂಡಲೇ ಜಗನ್ ಸರ್ಕಾರ ಪರಿಷತ್ತೇ ಬೇಡ ಎಂದು ವಿಧಾನಸಭೆಯಲ್ಲಿ ನಿರ್ಣಯ ಮಾಡಿತು. ಪಾರ್ಲಿಮೆಂಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅಷ್ಟರಲ್ಲಿ ಪರಿಷತ್ತಿನಲ್ಲೂ ಆಳುವ ಪಕ್ಷಕ್ಕೆ ಬಹುಮತ ಬಂತು. 2021ರ ನವೆಂಬರ್‌ನಲ್ಲಿ ಅದೇ ಸರ್ಕಾರ ನಿರ್ಣಯವನ್ನು ವಾಪಸ್ ತೆಗೆದುಕೊಂಡಿತು.