ಕಣ್ಣೊಳಗಿನ ಸೋಂಕು: 0.1 ಮಿ.ಲೀ. ಲೆಕ್ಕವೂ ‘ಕೈ ಕಾಣ್ತದಾ’ ಅನ್ನುವ ಪ್ರಶ್ನೆಯೂ

ಎಂಡಾಫ್ತಾಲ್ಮೈಟಿಸ್ ಎಂದರೆ ಕಣ್ಣುಗುಡ್ಡೆಯ ಒಳಗೇ, ಅಂದರೆ ವಿಟ್ರಿಯಸ್‌ನಲ್ಲಿ (ಲೆನ್ಸ್‌ನ ಹಿಂದೆ ತುಂಬಿರುವ ಲೋಳೆಯಂಥ ಪದಾರ್ಥ), ಬ್ಯಾಕ್ಟೀರಿಯಾ ಅಥವಾ ಫಂಗಸ್ ಬೆಳೆಯುವುದು. ವಿಟ್ರಿಯಸ್‌ಗೆ ತನ್ನದೇ ರಕ್ತನಾಳಗಳಿಲ್ಲ. ಹಾಗಾಗಿ ಬಿಳಿ ರಕ್ತಕಣಗಳು ಅಲ್ಲಿಗೆ ಬರುವುದು ತಡ, ಡ್ರಿಪ್‌ನಲ್ಲಿ ಹಾಕಿದ ಔಷಧಿ ಸೇರುವುದೂ ಕಡಿಮೆ. ಔಷಧಿಯನ್ನು ಸೂಜಿಯಲ್ಲಿ ನೇರ ಒಳಗೇ ಬಿಡಬೇಕಾಗುವುದು ಇದಕ್ಕೇ. ಉಳಿದದ್ದು ಪುಸ್ತಕ ಓದಿದರೆ ತಿಳಿಯುತ್ತದೆ. ಎಡವುವುದು ಎರಡು ಕಡೆ: ಬಂದ ದಿನ ದೃಷ್ಟಿ ಎಷ್ಟಿದೆ ಎಂದು ಅಳೆಯುವಲ್ಲಿ ಮತ್ತು ಔಷಧಿ ತೆಳು ಮಾಡುವಲ್ಲಿ. ಈ ಟಿಪ್ಪಣಿಯ ಬಹುಪಾಲು ಅದಕ್ಕೇ ಹೋಗಿದೆ.

ಎಲ್ಲಿಂದ ಬರುತ್ತದೆ

ಪೊರೆ ಆಪರೇಷನ್ ಆದಮೇಲೆ ಬರುವುದೇ ಹೆಚ್ಚು ಪರಿಚಿತ. ಅಪರಾಧಿ ಸಾಮಾನ್ಯವಾಗಿ ರೋಗಿಯ ರೆಪ್ಪೆಯಂಚಿನಲ್ಲೇ ವಾಸವಿರುವ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್. ಆಪರೇಷನ್‌ಗೆ ಮುಂಚೆ 5% ಪೊವಿಡೋನ್ ಅಯೋಡಿನ್ ಬಿಟ್ಟು ಪೂರಾ 3 ನಿಮಿಷ ಕಾಯುವುದು ಇದಕ್ಕಾಗಿಯೇ. ಆಪರೇಷನ್ ಕೊನೆಗೆ ಕಣ್ಣೊಳಗೆ 1 ಮಿ.ಗ್ರಾಂ ಸೆಫುರಾಕ್ಸಿಮ್ ಬಿಟ್ಟರೆ ಸೋಂಕು ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು 2007ರ ಯುರೋಪಿಯನ್ ಅಧ್ಯಯನ ತೋರಿಸಿತು. ನಮ್ಮಲ್ಲಿ ಅದರ ಬದಲು ಮಾಕ್ಸಿಫ್ಲಾಕ್ಸಾಸಿನ್ ಬಳಕೆ ಹೆಚ್ಚು.

ಮಲೆನಾಡಿನಲ್ಲಿ ಓದುವವರು ಗಾಯದಿಂದ ಬರುವುದನ್ನು ಪರೀಕ್ಷೆಗಷ್ಟೇ ಓದಿ ಬಿಡುವಂತಿಲ್ಲ. ತೋಟದಲ್ಲಿ ಕಳೆ ಹೊಡೆಯುವ ಮೆಷಿನ್‌ನಿಂದ ಸಿಡಿದ ಕಲ್ಲು ಅಥವಾ ಬ್ಲೇಡಿನ ಚೂರು, ಬಿದಿರಿನ ಸಿಬಿರು, ಬೇಲಿಯ ಮುಳ್ಳು ಇವೆಲ್ಲ ಮಣ್ಣಿನ ಸೂಕ್ಷ್ಮಾಣುಗಳನ್ನು ಒಳಗೆ ಒಯ್ಯುತ್ತವೆ. ಮಣ್ಣಿನ ಗಾಯದಲ್ಲಿ ಹೆದರಬೇಕಾದ ಹೆಸರು ಬ್ಯಾಸಿಲಸ್ ಸೀರಿಯಸ್. 24ರಿಂದ 48 ಗಂಟೆಯೊಳಗೆ ಕಣ್ಣು ಊದಿ ಮುಂದೆ ಬಂದು, ಜ್ವರವೂ ಏರಿ, ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಉಂಗುರದಂಥ ಬಿಳಿ ಗೆರೆ ಕಂಡರೆ ಅದೇ ಎಂದುಕೊಂಡು ನಡೆಯಿರಿ. ಭತ್ತದ ಹೊಟ್ಟು ತಾಗಿ ಶುರುವಾದ ಫಂಗಸ್ ಹುಣ್ಣು ಕಾರ್ನಿಯಾವನ್ನು ಕೊರೆದು ಒಳಗಿಳಿಯುವುದು ಇನ್ನೊಂದು ದಾರಿ. ರಕ್ತದ ಮೂಲಕ ಬರುವುದು ಸಕ್ಕರೆ ಕಾಯಿಲೆಯವರಲ್ಲಿ, ಲಿವರ್‌ನಲ್ಲಿ ಕೀವಾದವರಲ್ಲಿ, ಬಹಳ ದಿನ ಡ್ರಿಪ್ ಹಾಕಿಸಿಕೊಂಡವರಲ್ಲಿ. ಅಲ್ಲಿ ಕಣ್ಣಿನ ಜೊತೆಗೆ ದೇಹಕ್ಕೂ ಚಿಕಿತ್ಸೆ ಬೇಕೇ ಬೇಕು.

ನೋವಿಲ್ಲ, ಹಾಗಾಗಿ ಸೋಂಕಲ್ಲ ಎನ್ನುವ ತರ್ಕ ಬೇಡ. ಪೊರೆ ಆಪರೇಷನ್ ನಂತರದ ಸೋಂಕಿನಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ನೋವೇ ಇರುವುದಿಲ್ಲ. ‘ಮೊನ್ನೆ ಚೆನ್ನಾಗಿ ಕಾಣ್ತಿತ್ತು, ಈಗ ಮಂಜು ಕವಿದ ಹಾಗಾಗಿದೆ’ ಎಂಬ ಮಾತೇ ಸಾಕು, ಕರೆಸಿಕೊಳ್ಳಿ. ಟಾಸ್ (ಟಾಕ್ಸಿಕ್ ಆಂಟೀರಿಯರ್ ಸೆಗ್ಮೆಂಟ್ ಸಿಂಡ್ರೋಮ್) ಎನ್ನುವ ಸೋಂಕಿಲ್ಲದ ಉರಿಯೂತ ಆಪರೇಷನ್ ಆದ ಮೊದಲ 12ರಿಂದ 48 ಗಂಟೆಯಲ್ಲೇ ಬರುತ್ತದೆ, ಕಾರ್ನಿಯಾ ಅಂಚಿಂದಂಚಿಗೆ ಊದಿಕೊಳ್ಳುತ್ತದೆ, ವಿಟ್ರಿಯಸ್ ಮಾತ್ರ ಸ್ವಚ್ಛ. ಅನುಮಾನವಿದ್ದರೆ ಸೋಂಕೆಂದೇ ಹಿಡಿಯಿರಿ. ಒಳಗೆ ಕಾಣದಷ್ಟು ಮಸುಕಾಗಿದ್ದರೆ ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಿ.

ಕೈಯೋ, ಬೆಳಕೋ

1995ರಲ್ಲಿ ಬಂದ ಇ.ವಿ.ಎಸ್. (ಎಂಡಾಫ್ತಾಲ್ಮೈಟಿಸ್ ವಿಟ್ರೆಕ್ಟಮಿ ಸ್ಟಡಿ) ಅಧ್ಯಯನ 420 ರೋಗಿಗಳದ್ದು. ಬಂದಾಗ ಕೈ ಆಡಿಸಿದ್ದು ಅಥವಾ ಅದಕ್ಕಿಂತ ಚೆನ್ನಾಗಿ ಕಂಡವರಿಗೆ ಸ್ಯಾಂಪಲ್ ತೆಗೆದು ಇಂಜೆಕ್ಷನ್ ಕೊಟ್ಟರೂ, ತಕ್ಷಣ ವಿಟ್ರೆಕ್ಟಮಿ (ವಿಟ್ರಿಯಸ್ ತೆಗೆಯುವ ಆಪರೇಷನ್) ಮಾಡಿದರೂ ಫಲ ಒಂದೇ. ಬೆಳಕಷ್ಟೇ ಗೊತ್ತಾಗುವವರಲ್ಲಿ ಕಥೆ ಬೇರೆ. 6/12 (ಸರಿಯಾದ ಕಣ್ಣಿಗೆ 12 ಮೀಟರಿಂದ ಕಾಣುವುದು 6 ಮೀಟರಿಂದ ಕಾಣುವಷ್ಟು) ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಬಂದದ್ದು ವಿಟ್ರೆಕ್ಟಮಿಯಾದ 33% ಮಂದಿಗೆ, ಬರೀ ಇಂಜೆಕ್ಷನ್‌ನವರಲ್ಲಿ 11% ಮಂದಿಗೆ. ತೀವ್ರ ದೃಷ್ಟಿನಾಶ 20% ಮತ್ತು 47%.

ಹಾಗಾದರೆ ಇಡೀ ನಿರ್ಧಾರ ನಿಂತಿರುವುದು ಹಾಸಿಗೆ ಪಕ್ಕದ ಒಂದು ಸಣ್ಣ ಪರೀಕ್ಷೆಯ ಮೇಲೆ, ಮತ್ತು ಅದನ್ನು ಎಲ್ಲರೂ ಅಡ್ಡಾದಿಡ್ಡಿ ಮಾಡುತ್ತಾರೆ. ಕಿಟಕಿಗೆ ಎದುರಾಗಿ ಕೂರಿಸಿ ಕೈ ಆಡಿಸಿದರೆ ಕಣ್ಣಿಗೆ ಬೀಳುವುದು ಕೈಯಲ್ಲ, ಬೆಳಕು ಮುಚ್ಚಿ ತೆರೆಯುವ ನೆರಳು. ಬೆಳಕಷ್ಟೇ ಕಾಣುವ ರೋಗಿಯೂ ‘ಆಡ್ತಿದೆ’ ಎನ್ನುತ್ತಾರೆ. ಮುಖದ ಹತ್ತಿರ ಬೀಸಿದರೆ ಗಾಳಿಯೇ ಉತ್ತರ ಹೇಳಿಕೊಡುತ್ತದೆ. ‘ಕೈ ಕಾಣ್ತದಾ ಅಜ್ಜಾ?’ ಎಂದು ಕೇಳಿದರಂತೂ ಮುಗಿಯಿತು, ಡಾಕ್ಟರ ಮನಸ್ಸು ನೋಯಿಸಬಾರದೆಂದು ‘ಹೌದು’ ಎನ್ನುವವರೇ ನಮ್ಮ ಕಡೆ ಹೆಚ್ಚು.

ಸರಿಯಾದ ಕ್ರಮ ಹೀಗೆ. ಇನ್ನೊಂದು ಕಣ್ಣನ್ನು ಪೂರ್ತಿ ಮುಚ್ಚಿ. ಬೆಳಕು ರೋಗಿಯ ಬೆನ್ನ ಹಿಂದಿನಿಂದ ನಿಮ್ಮ ಕೈ ಮೇಲೆ ಬೀಳಲಿ. ಕೈ 2 ಅಡಿ ದೂರವಿರಲಿ. ಒಮ್ಮೆ ಸುಮ್ಮನೆ ಹಿಡಿಯಿರಿ, ಒಮ್ಮೆ ಅಡ್ಡಡ್ಡ, ಒಮ್ಮೆ ಮೇಲೆ ಕೆಳಗೆ. ‘ಕೈ ನಿಂತಿದೆಯೋ, ಅಡ್ಡ ಹೋಗ್ತಿದೆಯೋ, ಮೇಲೆ ಕೆಳಗೆ ಹೋಗ್ತಿದೆಯೋ ಹೇಳಿ ಅಜ್ಜ’ ಎಂದು ಕೇಳಿ. ಐದರಲ್ಲಿ ನಾಲ್ಕು ಸರಿ ಹೇಳಿದರೆ ಮಾತ್ರ ಕೈ ಕಂಡಿದೆ ಎಂದು ಬರೆಯಿರಿ.

ಈ ಅಧ್ಯಯನ ಪೊರೆ ಆಪರೇಷನ್ ಅಥವಾ ಲೆನ್ಸ್ ಕೂರಿಸಿದ 6 ವಾರದೊಳಗಿನ ಸೋಂಕಿನದು. ಡ್ರಿಪ್ ಆಂಟಿಬಯಾಟಿಕ್‌ನಿಂದ ಲಾಭವಿಲ್ಲ ಎಂಬ ಅದರ ಮಾತನ್ನು ಕಳೆ ಮೆಷಿನ್ ಗಾಯಕ್ಕೋ ಲಿವರ್ ಕೀವಿನ ರೋಗಿಗೋ ಅಂಟಿಸಬೇಡಿ.

ತೆಳು ಮಾಡುವ ಲೆಕ್ಕ

ಕಣ್ಣಿಗೆ ಹೋಗುವುದು ಪ್ರತಿ ಔಷಧಿಯೂ 0.1 ಮಿ.ಲೀ. ಹಾಗಾಗಿ ಡೋಸನ್ನು 10ರಿಂದ ಗುಣಿಸಿದರೆ 1 ಮಿ.ಲೀ.ನಲ್ಲಿ ಎಷ್ಟಿರಬೇಕೋ ಅದು ಸಿಗುತ್ತದೆ. ಆಂಟಿಬಯಾಟಿಕ್‌ಗಳಲ್ಲಿ ವ್ಯಾಂಕೋಮೈಸಿನ್ 1 ಮಿ.ಗ್ರಾಂ ಬೇಕು, ದ್ರಾವಣ 10 ಮಿ.ಗ್ರಾಂ/ಮಿ.ಲೀ. ಸೆಫ್ಟಾಜಿಡಿಮ್ 2.25 ಮಿ.ಗ್ರಾಂ ಬೇಕು, ದ್ರಾವಣ 22.5. ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಡೆಕ್ಸಾಮೆಥಾಸೋನ್ 0.4 ಬೇಕು, ದ್ರಾವಣ 4. ವಯಲ್ ಬರುವುದೇ 4 ಮಿ.ಗ್ರಾಂ/ಮಿ.ಲೀ., ಮುಟ್ಟಬೇಕಾಗೇ ಇಲ್ಲ. (ಫಂಗಸ್ ಅನುಮಾನವಿದ್ದರೆ, ಅಂದರೆ ಗಿಡಮರದ ಗಾಯವಿದ್ದರೆ, ಅದರ ತಂಟೆಗೇ ಹೋಗಬೇಡಿ.)

ವ್ಯಾಂಕೋಮೈಸಿನ್ 500 ಮಿ.ಗ್ರಾಂ ವಯಲ್‌ಗೆ 10 ಮಿ.ಲೀ. ಸಲೈನ್ ಹಾಕಿದರೆ 50 ಮಿ.ಗ್ರಾಂ/ಮಿ.ಲೀ. ಇದನ್ನು ಐದನೇ ಒಂದಕ್ಕೆ ಇಳಿಸಬೇಕು. ತಪ್ಪುವುದು ಇಲ್ಲೇ: 1 ಮಿ.ಲೀ.ಗೆ 5 ಮಿ.ಲೀ. ಸಲೈನ್ ಸೇರಿಸಿದರೆ ಒಟ್ಟು 6 ಆಗುತ್ತದೆ, ದ್ರಾವಣ 8.3ಕ್ಕೆ ಇಳಿಯುತ್ತದೆ. ‘ಐದು ಪಟ್ಟು’ ಎಂದರೆ ಕೊನೆಗೆ ಒಟ್ಟು 5 ಇರಬೇಕು, 5 ಸೇರಿಸಬೇಕು ಅಂತಲ್ಲ. 1ಕ್ಕೆ 4. ಹತ್ತು ಪಟ್ಟಾದರೆ 1ಕ್ಕೆ 9. ನೂರು ಪಟ್ಟಾದರೆ 0.1ಕ್ಕೆ 9.9. ಸೇರಿಸುವುದು ಯಾವಾಗಲೂ ಒಟ್ಟಿಗಿಂತ ನೀವು ತೆಗೆದುಕೊಂಡಷ್ಟು ಕಡಿಮೆ. ಆದರೂ ಈ ತಪ್ಪು ಡೋಸನ್ನು ಕಡಿಮೆಯಷ್ಟೇ ಮಾಡುತ್ತದೆ. ಎರಡನೇ ಹಂತವನ್ನೇ ಮರೆತರೆ 1ರ ಬದಲು 5 ಮಿ.ಗ್ರಾಂ ಕಣ್ಣಿಗೆ ಹೋಗುತ್ತದೆ. ವಯಲ್ 500ರದೋ 1 ಗ್ರಾಮಿನದೋ ಎಂದು ಜೋರಾಗಿ ಓದಿ ಹೇಳಿ, ಇನ್ನೊಬ್ಬರು ಕೇಳಿಸಿಕೊಳ್ಳಲಿ.

ಸೆಫ್ಟಾಜಿಡಿಮ್ 500 ಮಿ.ಗ್ರಾಂಗೆ 5 ಮಿ.ಲೀ.; ಈಗ 100 ಮಿ.ಗ್ರಾಂ/ಮಿ.ಲೀ. ಅದರಲ್ಲಿ 0.9 ಮಿ.ಲೀ.ಗೆ 3.1 ಸೇರಿಸಿ, ಒಟ್ಟು 4. ಒಳಗಿರುವ 90 ಮಿ.ಗ್ರಾಂ ನಾಲ್ಕಕ್ಕೆ ಹಂಚಿದರೆ 22.5. ಕರಗುವಾಗ ಗ್ಯಾಸ್ ಬಿಡುತ್ತದೆ. ಗುಳ್ಳೆ ತಣಿಯುವವರೆಗೆ ಕಾಯದಿದ್ದರೆ ಸಿರಿಂಜಿನಲ್ಲಿ ಅಳತೆ ಸುಳ್ಳಾಗುತ್ತದೆ. ವ್ಯಾಂಕೋಮೈಸಿನ್ ಜೊತೆ ಒಂದೇ ಸಿರಿಂಜಿಗೆ ಹಾಕಿದರೆ ಒಡೆದ ಹಾಲಿನ ಹಾಗಾಗುತ್ತದೆ. ಎರಡು ಸಿರಿಂಜು, ಎರಡು ಸೂಜಿ.

ಫಂಗಸ್‌ಗೆ ಕೊಡುವ ಆಂಫೋಟೆರಿಸಿನ್ ಬಿ (ಲೈಪೋಸೋಮಲ್ ಅಲ್ಲ, ಮಾಮೂಲಿಯದು) 50 ಮಿ.ಗ್ರಾಂಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ; ಸಲೈನ್ ಹಾಕಿದರೆ ಗಸಿ ಕೂರುತ್ತದೆ. ಅದರ 0.1 ಮಿ.ಲೀ.ಗೆ 9.9 ಮಿ.ಲೀ. 5% ಡೆಕ್ಸ್‌ಟ್ರೋಸ್. 0.1 ಮಿ.ಲೀ.ನಲ್ಲಿ 5 ಮೈಕ್ರೋಗ್ರಾಂ. ಇಲ್ಲಿ ದಶಾಂಶ ಬಿಂದು ಒಂದು ಮನೆ ಸರಿದರೆ ರೆಟಿನಾ ಸುಡುತ್ತದೆ.

ಸಿರಿಂಜಿನ ವಿಷಯ. 1 ಮಿ.ಲೀ. ಟ್ಯೂಬರ್ಕುಲಿನ್ ಸಿರಿಂಜೇ ಬೇಕು. ಅದಿಲ್ಲದೆ ಇನ್ಸುಲಿನ್ ಸಿರಿಂಜು ಹಿಡಿದರೆ, 40 ಯೂನಿಟ್‌ನದರಲ್ಲಿ 0.1 ಮಿ.ಲೀ. ಎಂದರೆ 4 ಯೂನಿಟ್, 100 ಯೂನಿಟ್‌ನದರಲ್ಲಿ 10. ಅದಲುಬದಲಾಗಿ 4ರ ಜಾಗದಲ್ಲಿ 10 ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಹೆಚ್ಚು ಎಳೆದು, 30 ಗೇಜ್ ಸೂಜಿ ಹಾಕಿ, ಗಾಳಿ ತೆಗೆದು, ಆಮೇಲೆ 0.1ಕ್ಕೆ ತನ್ನಿ.

ಇಂಜೆಕ್ಷನ್ ಮತ್ತು ಮುಂದೆ

ಮೊದಲು ಸ್ಯಾಂಪಲ್ (ವಿಟ್ರಿಯಸ್ 0.2ರಿಂದ 0.3 ಮಿ.ಲೀ.), ಆಮೇಲೆ ಔಷಧಿ. ಲೆನ್ಸ್ ಹಾಕಿದ ಕಣ್ಣಿಗೆ ಲಿಂಬಸ್‌ನಿಂದ (ಕಾರ್ನಿಯಾ ಮುಗಿದು ಬಿಳಿಗುಡ್ಡೆ ಶುರುವಾಗುವ ಅಂಚು) 3.5 ಮಿ.ಮೀ. ಹಿಂದೆ, ಸ್ವಂತ ಲೆನ್ಸ್ ಇದ್ದರೆ 4 ಮಿ.ಮೀ. ಸೂಜಿ ಕಣ್ಣಿನ ನಡುವಿಗೆ, ನಿಧಾನ. ತೀರ್ಥಹಳ್ಳಿ, ಹೊಸನಗರ ಕಡೆಯ ರೋಗಿಯನ್ನು ಮಣಿಪಾಲಕ್ಕೋ ಬೆಂಗಳೂರಿಗೋ ಕಳಿಸಬೇಕಿದ್ದರೆ, ಇಂಜೆಕ್ಷನ್ ಕೊಡಬಲ್ಲ ಕಣ್ಣಿನ ಡಾಕ್ಟರ್ ಇಲ್ಲೇ ಇದ್ದಲ್ಲಿ ಕೊಟ್ಟೇ ಬಸ್ ಹತ್ತಿಸುವುದು ಮೇಲು; ಮಳೆಗಾಲದ ಘಾಟಿಯಲ್ಲಿ ಕಳೆಯುವ ರಾತ್ರಿಯಲ್ಲೂ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ. ಎರಡು ದಿನದಲ್ಲಿ ತಿರುಗಿ ನೋಡಿ. ಹದಗೆಡುತ್ತಿದ್ದರೆ ಮತ್ತೊಂದು ಇಂಜೆಕ್ಷನ್ ಅಥವಾ ವಿಟ್ರೆಕ್ಟಮಿ.

ಕೊನೆಗೆ ಎಷ್ಟು ಕಾಣುತ್ತದೆ ಎಂಬುದು ಬೆಳೆದ ಸೂಕ್ಷ್ಮಾಣುವಿಗೂ ಬಿಟ್ಟದ್ದು. ಇ.ವಿ.ಎಸ್.ನಲ್ಲಿ 6/30 ಅಥವಾ ಮೇಲಿನ ದೃಷ್ಟಿ ಸಿಕ್ಕಿದ್ದು ಎಪಿಡರ್ಮಿಡಿಸ್ ಗುಂಪಿನಲ್ಲಿ 84% ಮಂದಿಗೆ, ಗ್ರಾಂ-ನೆಗೆಟಿವ್‌ನಲ್ಲಿ 56%, ಸ್ಟ್ಯಾಫ್ ಆರಿಯಸ್‌ನಲ್ಲಿ 50%, ಸ್ಟ್ರೆಪ್ಟೋಕಾಕಸ್‌ನಲ್ಲಿ 30%, ಎಂಟೆರೋಕಾಕಸ್‌ನಲ್ಲಿ 14%. ನಮ್ಮ ಗೋಡೆಯ ಚಾರ್ಟಿನಲ್ಲಿ 6/30 ಸಾಲೇ ಇರುವುದಿಲ್ಲ. 6/24 ಮತ್ತು 6/36ರ ನಡುವೆ ಎಂದು ಇಟ್ಟುಕೊಳ್ಳಿ.