ಕ್ರಿಕೆಟ್ಟಿಗೂ ಆಗುತ್ತೆ, ಓಟಕ್ಕೂ ಆಗುತ್ತೆ ಅಂತೀರಲ್ಲ, ಆಗಲ್ಲ!

ಪ್ರಶ್ನೆ: ಸಾರ್, ದೇಶಕ್ಕೊಂದು ಹೊಸ ರಾಷ್ಟ್ರೀಯ ಫುಟ್‌ಬಾಲ್ ಸ್ಟೇಡಿಯಂ ಕಟ್ಟುವುದಾದರೆ ಮೈಸೂರು–ಮಂಡ್ಯ ನಡುವೆ ಯಾಕೆ ಕಟ್ಟಬಾರದು? ಸುತ್ತ ಟ್ರ್ಯಾಕ್ ಹಾಕಿ, ಮಧ್ಯೆ ಕ್ರಿಕೆಟ್ ಪಿಚ್ ಬಿಟ್ಟರೆ ಮೂರು ಆಟಕ್ಕೂ ಆಯಿತು. ದುಡ್ಡೂ ಉಳಿಯುತ್ತೆ ಅಲ್ವಾ?

ಉತ್ತರ: ಈ ಪ್ರಶ್ನೆ ಬರುತ್ತಲೇ ಇದೆ. ಬರೆಯುವವರು ಬೇರೆ, ಕೊನೆಯ ಸಾಲು ಮಾತ್ರ ಯಾವಾಗಲೂ ಅದೇ. 'ದುಡ್ಡೂ ಉಳಿಯುತ್ತೆ.' ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ನಕ್ಷೆ ಬರೆಯಲು ಕಲಿಸಿದವನು ನಾನು. ಈ ಸಲ ಅಳತೆ ಪಟ್ಟಿ ಹಿಡಿದೇ ಉತ್ತರ ಕೊಡುತ್ತೇನೆ.

ಮೊದಲ ಅರ್ಧ ಬೇಗ ಮುಗಿಸೋಣ. ಕಟ್ಟಬಹುದು. 118 ಕಿಲೋಮೀಟರ್‌ನ ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲೇ ಉದ್ಘಾಟನೆ ಆಗಿದೆ, ಮೈಸೂರಿನಲ್ಲಿ ಹೋಟೆಲ್‌ಗಳಿಗೆ ಕೊರತೆ ಇಲ್ಲ. ಮಂಡಕಳ್ಳಿ ವಿಮಾನ ನಿಲ್ದಾಣ ಚಿಕ್ಕದು, ಹೊರದೇಶದ ತಂಡ ಬೆಂಗಳೂರಿನಲ್ಲಿ ಇಳಿದೇ ಬರಬೇಕು. ಅದೇನೂ ದೊಡ್ಡ ವಿಷಯವಲ್ಲ. ಜನ ಬಂದು ಹೋಗುವ ದಾರಿ ದೊಡ್ಡ ವಿಷಯ. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಮುಗಿಸಿಕೊಂಡು ಮನೆ ಸೇರಲು ಒದ್ದಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ 11 ಜನ ಸತ್ತದ್ದು ಒಳಗಲ್ಲ, ಗೇಟುಗಳ ಹೊರಗೆ. ಹಾಗಾಗಿ ಸೀಟು ಎಷ್ಟು ಅಂತ ಕೇಳುವ ಮೊದಲು ಗೇಟಿನ ಹೊರಗೆ ಬಯಲು ಎಷ್ಟು ಅಂತ ಕೇಳಿ.

ಈಗ ಆ ಹಠಮಾರಿ ನಂಬಿಕೆಗೆ ಬರುತ್ತೇನೆ.

ಎಕರೆ, ಗುಂಟೆಯಲ್ಲೇ ಲೆಕ್ಕ ಹಾಕೋಣ. ಅಂತರರಾಷ್ಟ್ರೀಯ ಫುಟ್‌ಬಾಲ್ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ ಹೆಚ್ಚುಕಡಿಮೆ 1 ಎಕರೆ 30 ಗುಂಟೆ. ಎಂಟು ಲೇನ್‌ನ 400 ಮೀಟರ್ ಟ್ರ್ಯಾಕ್ ಒಳಗಿನ ಜಾಗವೂ ಸೇರಿ ಮೂರೂವರೆ ಎಕರೆ ತಿನ್ನುತ್ತದೆ. ಕ್ರಿಕೆಟ್‌ಗೆ ಬೌಂಡರಿ 75 ಮೀಟರ್ ಅಂತ ಇಟ್ಟುಕೊಂಡರೆ ನಾಲ್ಕು ಎಕರೆ ದಾಟುತ್ತದೆ. ಚಿಕ್ಕದನ್ನು ದೊಡ್ಡದರೊಳಗೆ ಇಟ್ಟರೆ ಹಿಡಿಸುತ್ತದೆ, ನಿಜ. ಆದರೆ ಉಳಿದ ಜಾಗ ಎಲ್ಲಿ ಉಳಿಯುತ್ತದೆ? ಆಟಕ್ಕೂ ನೋಡುವವನಿಗೂ ನಡುವೆ!

ಫುಟ್‌ಬಾಲ್‌ಗೆಂದೇ ಕಟ್ಟಿದ ಕಡೆ ಅಂಚಿನ ಗೆರೆಯಿಂದ ಎಂಟು–ಹತ್ತು ಮೀಟರ್‌ಗೆ ಮೊದಲ ಸಾಲು ಶುರುವಾಗಬಹುದು. ಕ್ರಿಕೆಟ್‌ನ ದುಂಡು ಮೈದಾನದಲ್ಲಿ ಉದ್ದದ ಬದಿಯಲ್ಲಿ ಕೂತವನು 40 ಮೀಟರ್ ಹಿಂದೆ ಹೋಗುತ್ತಾನೆ. ಟ್ರ್ಯಾಕ್ ಹಾಕಿದರೆ ಬದಿಯವನು ಅಷ್ಟು ದೂರ ಹೋಗುವುದಿಲ್ಲ, ಆದರೆ ಗೋಲಿನ ಹಿಂದೆ ಕೂತವನು ಹತ್ತಿರಹತ್ತಿರ 40 ಮೀಟರ್ ಹಿಂದೆ ಸರಿಯುತ್ತಾನೆ. ಕ್ರಿಕೆಟ್ ಬದಿಯ ಸೀಟನ್ನು ಕೆಡಿಸಿದರೆ ಟ್ರ್ಯಾಕ್ ತುದಿಯ ಸೀಟನ್ನು ಕೆಡಿಸುತ್ತದೆ. ಎರಡೂ ಸೇರಿದರೆ ನಾಲ್ಕೂ ಕಡೆ ಕೆಟ್ಟಂತೆ.

ಇನ್ನೊಂದು ಅಳತೆ ಇದೆ. ಯಾವ ಸೀಟಿನಿಂದ ನೋಡಿದರೂ ಎದುರಿನ ಮೂಲೆ 150 ಮೀಟರ್ ಒಳಗಿದ್ದರೆ ಒಳ್ಳೆಯದು, 190 ದಾಟಲೇಬಾರದು. ಅದಕ್ಕಿಂತ ದೂರದಿಂದ ಚೆಂಡು ಕಣ್ಣಿಗೆ ಸಿಗುವುದು ಕಷ್ಟ. ಟ್ರ್ಯಾಕ್ ಇರುವ ಕಡೆ ಗೋಲಿನ ಹಿಂದಿನ ಮೊದಲನೇ ಸಾಲಿನಿಂದಲೇ ಎದುರಿನ ಮೂಲೆ 149 ಮೀಟರ್ ಬರುತ್ತದೆ. ಲೆಕ್ಕ ಹಾಕಿ ನೋಡಿ, ಪೈಥಾಗೊರಸ್ ಸಾಕು. ಕೊನೆಯ ಸಾಲಿನವನಿಗೆ ಇರಬೇಕಾದ ದೂರ ಮೊದಲ ಸಾಲಿನವನಿಗೇ ಬಂತು. ಅವನ ಹಿಂದೆ ಇನ್ನೂ ಹತ್ತಾರು ಸಾವಿರ ಜನರನ್ನು ಎಲ್ಲಿ ಕೂರಿಸುತ್ತೀರಿ?

'ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಟ್ರ್ಯಾಕ್ ಇದೆ, 2017ರ ಹದಿನೇಳರೊಳಗಿನವರ ವಿಶ್ವಕಪ್ ಫೈನಲ್ ಅಲ್ಲೇ ಆಯಿತಲ್ಲ' ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ಆಯಿತು, ಇಂಗ್ಲೆಂಡ್ 5–2ರಿಂದ ಸ್ಪೇನ್ ತಂಡವನ್ನು ಸೋಲಿಸಿತು. ನಮ್ಮ ಕಂಠೀರವದಲ್ಲೂ ಟ್ರ್ಯಾಕ್ ಇದೆ, 2023ರ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಫುಟ್‌ಬಾಲ್) ಫೈನಲ್ ಅಲ್ಲೇ ಗೆದ್ದೆವು. ಆಡಬಹುದಾ ಅಂತ ಕೇಳಿದರೆ ಗದ್ದೆ ಬಯಲಲ್ಲೂ ಆಡಬಹುದು. ಈಗಿರುವುದರಲ್ಲಿ ಹೊಂದಿಕೊಳ್ಳುವುದು ಬೇರೆ, ಹೊಸದಾಗಿ ಕಟ್ಟುವಾಗ ಗೊತ್ತಿದ್ದೂ ಅದೇ ತೊಂದರೆ ಕಟ್ಟಿಕೊಳ್ಳುವುದು ಬೇರೆ.

ಬೇರೆ ದೇಶದವರು ಇದನ್ನು ದುಡ್ಡು ಕೊಟ್ಟು ಕಲಿತಿದ್ದಾರೆ. ಇಟಲಿಯ ಟುರಿನ್‌ನಲ್ಲಿ 1990ರ ವಿಶ್ವಕಪ್‌ಗೆ ಟ್ರ್ಯಾಕ್ ಸಮೇತ ದೊಡ್ಡ ಸ್ಟೇಡಿಯಂ ಕಟ್ಟಿದರು. ಯುವೆಂಟಸ್‌ನಂಥ ತಂಡ ಆಡುತ್ತಿದ್ದರೂ ಸೀಟು ಖಾಲಿ ಹೊಡೆಯುತ್ತಿತ್ತು. ಕೊನೆಗೆ ಅದನ್ನು ಕೆಡವಿ, ಅದೇ ಜಾಗದಲ್ಲಿ ಟ್ರ್ಯಾಕ್ ಇಲ್ಲದ, ಸುಮಾರು 41 ಸಾವಿರ ಸೀಟಿನ ಚಿಕ್ಕದನ್ನು 2011ರಲ್ಲಿ ತೆರೆದರು. ಜರ್ಮನಿಯ ಮ್ಯೂನಿಕ್‌ನ ಬಯರ್ನ್ ತಂಡ 2005ರಲ್ಲಿ ಟ್ರ್ಯಾಕ್ ಇದ್ದ ಒಲಿಂಪಿಕ್ ಸ್ಟೇಡಿಯಂ ಬಿಟ್ಟು ಫುಟ್‌ಬಾಲ್‌ಗೆಂದೇ ಕಟ್ಟಿದ ಅಂಗಳಕ್ಕೆ ಹೋಯಿತು. ಲಂಡನ್ನಿನವರು ಜಾಣತನ ಮಾಡಲು ಹೋದರು. 2012ರ ಒಲಿಂಪಿಕ್ಸ್ ಸ್ಟೇಡಿಯಂನಲ್ಲಿ ಟ್ರ್ಯಾಕ್ ಉಳಿಸಿಕೊಂಡು, ಫುಟ್‌ಬಾಲ್ ದಿನ ಸೀಟುಗಳನ್ನು ಮುಂದಕ್ಕೆ ತರುವ ಏರ್ಪಾಟು ಮಾಡಿದರು. ಸೀಟು ಹಿಂದೆಮುಂದೆ ಮಾಡಲು ವರ್ಷಕ್ಕೆ 3 ಲಕ್ಷ ಪೌಂಡ್ ಸಾಕು ಅಂದುಕೊಂಡಿದ್ದರು. ಖರ್ಚು ಸುಮಾರು 80 ಲಕ್ಷಕ್ಕೆ ಏರಿತು. ದುಡ್ಡು ಉಳಿಯುತ್ತೆ ಅಂದಿರಲ್ಲ, ಅದಕ್ಕೇ ಈ ಲೆಕ್ಕ.

ಪ್ಯಾರಿಸ್‌ನವರು ಮಾತ್ರ ಸ್ವಲ್ಪ ಗೆದ್ದರು. 1998ರಲ್ಲಿ ತೆರೆದ ಅಲ್ಲಿನ ರಾಷ್ಟ್ರೀಯ ಸ್ಟೇಡಿಯಂನಲ್ಲಿ ಕೆಳಗಿನ ಸಾಲುಗಳನ್ನೇ ಹಿಂದಕ್ಕೆ ಸರಿಸಿದರೆ ಟ್ರ್ಯಾಕ್ ಕಾಣುತ್ತದೆ. ಆದರೆ ಆ ಯಂತ್ರದ ಏರ್ಪಾಟನ್ನು ಮೊದಲ ನಕ್ಷೆಯಲ್ಲೇ ಬರೆದಿದ್ದರು, ಆಮೇಲೆ ನೆನಪಾಗಿ ಸೇರಿಸಿದ್ದಲ್ಲ. ಇಂಗ್ಲೆಂಡಿನ ವೆಂಬ್ಲಿಯಲ್ಲೂ ಟ್ರ್ಯಾಕ್ ಬೇಕೋ ಬೇಡವೋ ಅಂತ ದೊಡ್ಡ ಜಗಳವೇ ಆಯಿತು. 2000ದಲ್ಲಿ ಬಾಗಿಲು ಹಾಕಿದ ಮೈದಾನ 90 ಸಾವಿರ ಸೀಟಿನೊಂದಿಗೆ ಮತ್ತೆ ತೆರೆದದ್ದು 2007ರಲ್ಲಿ. ಅಲ್ಲಿಯವರೆಗೆ ಇಂಗ್ಲೆಂಡಿನ ಕಪ್ ಫೈನಲ್ ಆಡಲು ವೇಲ್ಸ್‌ನ ಕಾರ್ಡಿಫ್‌ಗೆ ಹೋಗಬೇಕಾಯಿತು.

ಕ್ರಿಕೆಟ್ ಜತೆಗಿನ ತಕರಾರು ಬರೀ ದೂರದ್ದಲ್ಲ, ಮಣ್ಣಿನದು. ಕ್ರಿಕೆಟ್ ಪಿಚ್ ಅಂದರೆ ಜೇಡಿಮಣ್ಣು, ಅದರ ಮೇಲೆ ರೋಲರ್ ಎಳೆದು ಗಟ್ಟಿ ಮಾಡುತ್ತಾರೆ. ಅದು ಬರುವುದು ಎಲ್ಲಿ? ಸರಿಯಾಗಿ ಫುಟ್‌ಬಾಲ್‌ನ ನಡು ವೃತ್ತದಲ್ಲಿ. ವೃತ್ತದ ಅಡ್ಡಳತೆ 18.3 ಮೀಟರ್, ಪಿಚ್ ಉದ್ದ 20.12 ಮೀಟರ್. ಕೊಚ್ಚಿಯಲ್ಲಿ 2018ರಲ್ಲಿ ಇದೇ ರಗಳೆ ಆಯಿತು. 2017ರ ಅದೇ ಹದಿನೇಳರೊಳಗಿನವರ ವಿಶ್ವಕಪ್‌ಗೆಂದು ಬೆಳೆಸಿದ ಹುಲ್ಲನ್ನು ಒಂದು ಏಕದಿನ ಪಂದ್ಯಕ್ಕಾಗಿ ಅಗೆಯಲು ಹೊರಟಾಗ ಸುನಿಲ್ ಚೆಟ್ರಿ ಬೇಡ ಅಂದರು. ಕ್ರಿಕೆಟ್ಟಿನ ಸಚಿನ್ ತೆಂಡೂಲ್ಕರ್ ಕೂಡ ಬೇಡ ಅಂದರು! ಪಂದ್ಯ ತಿರುವನಂತಪುರಕ್ಕೆ ಹೋಯಿತು. ಮೈಸೂರಿನಲ್ಲಿ ಕ್ರಿಕೆಟ್‌ಗೆ ಗಂಗೋತ್ರಿ ಗ್ಲೇಡ್ಸ್ ಇದೆ, ಅದು ಕ್ರಿಕೆಟ್‌ಗೇ ಇರಲಿ. (2010ರ ರಣಜಿ ಫೈನಲ್‌ನಲ್ಲಿ ಅಲ್ಲಿ ಮುಂಬೈ ಎದುರು 6 ರನ್‌ನಿಂದ ಸೋತದ್ದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದು ಬೇರೆ ಮಾತು.)

ಈ ನಂಬಿಕೆ ಎಲ್ಲಿಂದ ಬಂತು ಅಂತ ಗೊತ್ತು. ನಮ್ಮ ಶಾಲೆಯ ಮೈದಾನ ಒಂದೇ. ಅಲ್ಲೇ ಖೋ ಖೋ, ಅಲ್ಲೇ ಕ್ರಿಕೆಟ್, ಅಲ್ಲೇ ಆಗಸ್ಟ್ 15ರ ಪರೇಡ್. ಅಲ್ಲಿ ನೋಡುವವರು ಗೆರೆಯ ಪಕ್ಕದಲ್ಲೇ ನಿಲ್ಲುತ್ತಾರೆ, ಕಾಂಕ್ರೀಟಿನಲ್ಲಿ ಸಿಕ್ಕಿಕೊಂಡಿರುವುದಿಲ್ಲ. ಹಾಗಾದರೆ ಓಟಗಾರರು ಎಲ್ಲಿ ಹೋಗಬೇಕು? ಪಕ್ಕದಲ್ಲೇ ಮೂರೂವರೆ ಎಕರೆಯ ಬೇರೆ ಟ್ರ್ಯಾಕ್ ಮಾಡಿ, ಒಂದು ಬದಿಗೆ ಚಿಕ್ಕ ಗ್ಯಾಲರಿ ಕಟ್ಟಿ. ದಿನಾ ಅಭ್ಯಾಸ ಮಾಡುವವರಿಗೆ 60 ಸಾವಿರ ಖಾಲಿ ಕುರ್ಚಿ ಯಾಕೆ ಬೇಕು?

ಇಷ್ಟು ಬರೆದ ಮೇಲೆ ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ನನಗೆ ಇಷ್ಟವಾದದ್ದೇ ಅದು: ಹುಲ್ಲಿನ ಕೆಳಗೆ ಏನಿರಬೇಕು?

ಮಂಡ್ಯದವರಿಗೆ ಇದು ತಮಾಷೆಯಾಗಿ ಕಾಣಬಹುದು. ಭತ್ತದ ಗದ್ದೆಯಲ್ಲಿ ಕೆಸರು ತುಳಿಸುವುದೇ ನೀರು ಕೆಳಗೆ ಇಂಗದಿರಲಿ ಅಂತ. ಫುಟ್‌ಬಾಲ್ ಅಂಗಳಕ್ಕೆ ಬೇಕಾದದ್ದು ನೇರ ಉಲ್ಟಾ. ಮೇಲೆ ಸುಮಾರು ಒಂದು ಅಡಿ ಮರಳು, ಅದರ ಕೆಳಗೆ ಜಲ್ಲಿ, ಅದರೊಳಗೆ ತೂತಿನ ಪೈಪು. ಜೋರು ಮಳೆ ಬಂದು ನಿಂತ ಸ್ವಲ್ಪ ಹೊತ್ತಿಗೆಲ್ಲ ಆಟ ಶುರುವಾಗಬೇಕು. ಹುಲ್ಲು ಮಾತ್ರ ನಮ್ಮದೇ. ಬಿಸಿ ದೇಶಗಳ ಸ್ಟೇಡಿಯಂಗಳಲ್ಲಿ ಹಾಕುವ ಬರ್ಮುಡಾ ಹುಲ್ಲು ಗಣಪತಿಗೆ ಏರಿಸುವ ಗರಿಕೆಯ ಜಾತಿಯದೇ, ತಳಿ ಬೇರೆ. ಅದಕ್ಕೆ ಬಿಸಿಲು ಜಾಸ್ತಿ ಬೇಕು. ಹಾಗಾಗಿ ಚಾವಣಿ ಬರೆಯುವವನು ಡಿಸೆಂಬರ್‌ನ ನೆರಳನ್ನೂ ಲೆಕ್ಕ ಹಾಕಬೇಕು. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಸ್ಟ್ಯಾಂಡಿನ ನೆರಳು ಗೋಲಿನ ಮುಂದೆಯೇ ಬೀಳುತ್ತದೆ.

ಪೈಪಿನ ನೀರು ಎಲ್ಲಿಗೆ ಹೋಗಬೇಕು ಅಂತಲೂ ನೋಡಬೇಕು. ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ತರಿ ಜಮೀನಿನಲ್ಲಿ ನಾಲೆಗೆ ನೀರು ಬಿಟ್ಟಾಗ ನೆಲದೊಳಗಿನ ನೀರೂ ಮೇಲೇರುತ್ತದೆ. ಪೈಪಿಗೆ ಇಳಿಜಾರು ಸಿಗುವುದಿಲ್ಲ, ಮೋಟಾರ್ ಇಟ್ಟು ಎತ್ತುತ್ತಲೇ ಇರಬೇಕು. ಅದಕ್ಕೇ ನನ್ನನ್ನು ಕೇಳಿದರೆ ಎತ್ತರದ ಖುಷ್ಕಿ ಜಮೀನು ಹುಡುಕಿ ಅಂತೀನಿ, ಒಳ್ಳೆಯ ಗದ್ದೆಯೂ ಉಳಿಯುತ್ತದೆ. ಜಾಗ ನೋಡಲು ಹೋಗುವವರು ಬೇಸಿಗೆಯಲ್ಲಿ ಸುಮ್ನೆ ಕಾರಿನಲ್ಲಿ ಸುತ್ತಿ ಬರಬಾರದು. ನಾಲೆಯಲ್ಲಿ ನೀರು ಹರಿಯುವ ತಿಂಗಳಲ್ಲಿ ಹೋಗಿ ಆಳುದ್ದದ ಗುಂಡಿ ತೋಡಿಸಿ. ಮಾರನೆಯ ದಿನ ಅದರಲ್ಲಿ ನೀರು ಎಲ್ಲಿಯವರೆಗೆ ಬಂದಿದೆ ಅಂತ ಅಳೆದು, ಆಮೇಲೆ ಜಮೀನಿನ ಬೆಲೆ ಮಾತಾಡಿ.