ಮಳೆಗಾಲ ಬಂದರೆ ಗಿಟಾರ್ ತಂತಿ ಝರ್ ಅನ್ನುತ್ತೆ, ಟ್ರಸ್ ರಾಡ್ ನಾನೇ ತಿರುಗಿಸಬಹುದಾ?

ಪ್ರಶ್ನೆ: ನಾನಿರುವುದು ಮಂಗಳೂರಿನಲ್ಲಿ. ನನ್ನದು ಸ್ಟ್ರ್ಯಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು, ಜುಲೈ ಬಂದ ಮೇಲೆ ದಪ್ಪ ತಂತಿಗಳು ಝರ್ ಅನ್ನುತ್ತಿವೆ. ಟ್ರಸ್ ರಾಡ್ (ನೆಕ್, ಅಂದರೆ ಗಿಟಾರ್ ಕುತ್ತಿಗೆಯ ಒಳಗಿದ್ದು ಅದರ ಬಾಗು ಹೊಂದಿಸುವ ಲೋಹದ ಸರಳು) ತಿರುಗಿಸು ಅಂತ ಒಬ್ಬರು, ಮುಟ್ಟಿದರೆ ನೆಕ್ ಹಾಳಾಗುತ್ತೆ ಅಂತ ಇನ್ನೊಬ್ಬರು. ಮನೆಯಲ್ಲೇ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಆದರೆ ಮೊದಲು ಅಳೆಯಬೇಕು, ಆಮೇಲೆ ತಿರುಗಿಸಬೇಕು. ನೆಕ್ ಹಾಳು ಮಾಡಿಕೊಳ್ಳುವವರು ಹೆಚ್ಚಾಗಿ ಅಳೆಯದೇ ತಿರುಗಿಸಿದವರು.

ಆ ಸದ್ದು ಆಂಪ್‌ನಲ್ಲಿ (ಆಂಪ್ಲಿಫೈಯರ್‌ನಲ್ಲಿ) ಕೇಳಿಸುತ್ತಾ ಅಂತ ಮೊದಲು ನೋಡಿ. ಬರೀ ಗಿಟಾರ್‌ನಿಂದ ಮಾತ್ರ ಬಂದು ಆಂಪ್‌ನಲ್ಲಿ ಇಲ್ಲದಿದ್ದರೆ ಹಾಗೇ ಬಿಟ್ಟುಬಿಡಿ. ಕೇಳಿಸಿದರೆ, ಯಾವ ಫ್ರೆಟ್‌ನಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಅಂತ ಹುಡುಕಿ. ನಟ್ (ನೆಕ್‌ನ ತಲೆಯ ಕಡೆ ತಂತಿಗಳು ಕೂರುವ ತೋಡುಗಳಿರುವ ಪಟ್ಟಿ) ಹತ್ತಿರದ ಮೊದಲ ಐದು ಫ್ರೆಟ್‌ಗಳಲ್ಲಾದರೆ ಸಾಮಾನ್ಯವಾಗಿ ನೆಕ್ ತೀರಾ ನೇರವಾಗಿದೆ ಅಂತ ಅರ್ಥ. ತಂತಿಯನ್ನು ಒತ್ತದೇ ಬಿಟ್ಟಾಗ ಮಾತ್ರ ಬರುತ್ತಿದ್ದರೆ ನಟ್‌ನ ತೋಡು ಆಳವಾಗಿರಬಹುದು. ಒಂದೇ ಒಂದು ಜಾಗದಲ್ಲಾದರೆ ಯಾವುದೋ ಫ್ರೆಟ್ ಎದ್ದಿರುತ್ತದೆ. ಕೊನೆಯ ಎರಡೂ ರಿಪೇರಿಯವರ ಕೆಲಸ, ನೀವು ಅರ ಹಿಡಿಯಬೇಡಿ.

ಮರ ತೇವ ಹೀರಿದರೆ ಉಬ್ಬುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದಿಲ್ವಾ, ಹಾಗೇ. ನೆಕ್ ಯಾವ ಕಡೆಗೆ ಬಾಗುತ್ತೆ ಅಂತ ಮಾತ್ರ ಮೊದಲೇ ಹೇಳೋಕಾಗಲ್ಲ, ನನ್ನ ಎರಡು ಗಿಟಾರ್‌ಗಳು ಒಂದೇ ಕೋಣೆಯಲ್ಲಿದ್ದರೂ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಅದಕ್ಕೇ ಅಳೆಯಿರಿ ಅನ್ನುತ್ತಿರುವುದು.

ಅಳೆಯುವ ಸಾಧನ ನಿಮ್ಮ ಬಳಿ ಈಗಾಗಲೇ ಇದೆ. 10 ಗೇಜ್ ಸೆಟ್‌ನ ತೆಳು ತಂತಿ ಅಂದರೆ ಅದರ ದಪ್ಪ 0.010 ಇಂಚು, ಸುಮಾರು 0.25 ಮಿ.ಮೀ. ನೆಕ್‌ನಲ್ಲಿ ಇರಬೇಕಾದ ಬಾಗು ಕೂಡ ಹೆಚ್ಚುಕಮ್ಮಿ ಅಷ್ಟೇ. ಬಿಚ್ಚಿಟ್ಟ ಹಳೇ ತಂತಿಯ ಒಂದು ತುಂಡು ಕತ್ತರಿಸಿಕೊಳ್ಳಿ. ಗಿಟಾರನ್ನು ಸರಿಯಾಗಿ ಟ್ಯೂನ್ ಮಾಡಿ, ನುಡಿಸುವಾಗ ಹಿಡಿಯುವ ಹಾಗೇ ತೊಡೆಯ ಮೇಲಿಡಿ, ಹಾಸಿಗೆ ಮೇಲೆ ಮಲಗಿಸಿ ಅಳೆದರೆ ಲೆಕ್ಕ ತಪ್ಪುತ್ತದೆ. ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮಗೆ ಅಡಿಪಟ್ಟಿ. ಎಂಟನೇ ಫ್ರೆಟ್ ಮೇಲೆ ತಂತಿಯ ಕೆಳಗಿರುವ ಸಂದಿಗೆ ಆ ತುಂಡನ್ನು ತೂರಿಸಿ. ಮೇಲಿನ ತಂತಿಯನ್ನು ಎತ್ತದೆ, ಸ್ವಲ್ಪ ಸವರಿಕೊಂಡು ಹೋದರೆ ಸರಿ ಇದೆ, ರಾಡ್ ಮುಟ್ಟಬೇಡಿ. ಸಂದಿಯೇ ಇಲ್ಲದಿದ್ದರೆ ರಾಡ್ ಸಡಿಲಿಸಬೇಕು, ಅಂದರೆ ಎಡಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ. ತುಂಡು ಸಲೀಸಾಗಿ ಆಡುತ್ತಿದ್ದರೆ ಬಿಗಿ ಮಾಡಬೇಕು, ಬಲಕ್ಕೆ.

ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆಯಿರಿ. ಬಿಗಿ ಮಾಡುವಾಗ ಮೊದಲು ತಂತಿಗಳನ್ನು ಸ್ವಲ್ಪ ಇಳಿಸಿಕೊಂಡರೆ ರಾಡ್‌ಗೆ ಶ್ರಮ ಕಮ್ಮಿ. ಜೋರು ಹಾಕಬೇಕು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು, ರಾಡ್ ತಿರುಗಿಸುವ ಆಲನ್ ಕೀ (ಆರು ಮೂಲೆಯ ಕೀ) ಅಳತೆ. ಕೆಲವು ಗಿಟಾರ್‌ಗಳಿಗೆ 1/8 ಇಂಚಿನ ಕೀ ಬೇಕು, ಅದು 3.18 ಮಿ.ಮೀ. ಹಾರ್ಡ್‌ವೇರ್ ಅಂಗಡಿಯ 3 ಮಿ.ಮೀ. ಕೀ ಅದರೊಳಗೆ ಕೂರುತ್ತದೆ, ಆದರೆ ಹಿಡಿಯುವುದಿಲ್ಲ. ನಾನು ಹಾಗೇ ರಾಡ್ ತುದಿಯ ಒಂದು ತಿರುಪು ನಟ್‌ನ ಒಳಮೂಲೆಗಳನ್ನೆಲ್ಲ ಸವೆಸಿದ್ದೇನೆ. ಅದನ್ನು ತೆಗೆಸುವುದಕ್ಕೆ ಪಟ್ಟ ಪಾಡು ನಿಮಗೆ ಬೇಡ.

ನೆಕ್ ಸರಿಯಾದ ಮೇಲೆ ಬ್ರಿಡ್ಜ್, ವೀಣೆಯವರು ಕುದುರೆ ಅನ್ನುವ ಜಾಗ. ಈ ಕ್ರಮ ಬದಲಿಸಬೇಡಿ, ಯಾಕೆಂದರೆ ನೆಕ್ ಅಲುಗಿದರೆ ತಂತಿಯ ಎತ್ತರವೂ ಬದಲಾಗುತ್ತದೆ, ಮೊದಲೇ ಬ್ರಿಡ್ಜ್ ತಿರುಗಿಸಿದ್ದರೆ ಅದೆಲ್ಲ ದಂಡ. ಕ್ಯಾಪೋ ತೆಗೆದು, 17ನೇ ಫ್ರೆಟ್ ಮೇಲೆ ತಂತಿಯ ಎತ್ತರ ನೋಡಿ. ಸುಮಾರು 1.6 ಮಿ.ಮೀ. ಇದ್ದರೆ ಒಳ್ಳೆಯ ಆರಂಭ. ಎಟಿಎಂ ಕಾರ್ಡ್ ದಪ್ಪ 0.76 ಮಿ.ಮೀ., ಹಾಗಾಗಿ ಅವಧಿ ಮುಗಿದ ಎರಡು ಕಾರ್ಡ್ ಜೋಡಿಸಿದರೆ ಹತ್ತಿರಹತ್ತಿರ ಅಷ್ಟಾಗುತ್ತದೆ. ಉಬ್ಬಿದ ಅಂಕಿಗಳಿರುವ ಭಾಗ ಬಿಟ್ಟು ಅಳೆಯಿರಿ. ನೀವು ಬಲವಾಗಿ ಮೀಟುವವರಾದರೆ ಸ್ವಲ್ಪ ಎತ್ತರವೇ ಇರಲಿ. ಎಷ್ಟು ಅನ್ನುವುದನ್ನು ನಿಮ್ಮ ಕೈಯೇ ಹೇಳಬೇಕು.

ಕೊನೆಗೆ ಇಂಟೋನೇಷನ್, ಅಂದರೆ ಒತ್ತಿದ ಸ್ವರ ಶ್ರುತಿಗೆ ಸರಿಯಾಗಿ ಬರುವಂತೆ ಮಾಡುವುದು. 12ನೇ ಫ್ರೆಟ್‌ನಲ್ಲಿ ತಂತಿಯನ್ನು ಸುಮ್ನೆ ಮುಟ್ಟಿ ಬರುವ ಹಾರ್ಮೋನಿಕ್, ಅಲ್ಲೇ ಒತ್ತಿ ಮೀಟಿದ ಸ್ವರ, ಎರಡೂ ಟ್ಯೂನರ್‌ನಲ್ಲಿ ಒಂದೇ ಆಗಬೇಕು. ಒತ್ತಿದ್ದು ಮೇಲಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ಆ ತಂತಿ ಕೂರುವ ತುಣುಕು) ಹಿಂದಕ್ಕೆ, ಕೆಳಗಿದ್ದರೆ ನೆಕ್ ಕಡೆಗೆ ಮುಂದಕ್ಕೆ. ಇದನ್ನು ಹೊಸ ತಂತಿ ಹಾಕಿಯೇ ಮಾಡಿ. ತುಕ್ಕು ಹಿಡಿದ ತಂತಿ ಎಷ್ಟು ತಿಣುಕಿದರೂ ಸ್ವರಕ್ಕೆ ಬರುವುದಿಲ್ಲ. ನಿಮ್ಮೂರಿನ ಉಪ್ಪುಗಾಳಿಗೆ ತಂತಿ ಬೇಗ ಹಾಳಾಗುತ್ತದೆ, ಹಾಗಾಗಿ ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿಡಿ. ಫ್ರೆಟ್ ಉಜ್ಜೋಕೆ ಸ್ಟೀಲ್ ವೂಲ್ ಮಾತ್ರ ಬೇಡ, ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಭಾಗ) ಅಯಸ್ಕಾಂತ ಆ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಲೆಮನ್ ಆಯಿಲ್ ರೋಸ್‌ವುಡ್ ಫ್ರೆಟ್‌ಬೋರ್ಡ್‌ಗೆ ಸರಿ, ಪಾಲಿಶ್ ಹೊಡೆದ ಮೇಪಲ್‌ಗೆ ಅಲ್ಲ.

ಗಿಟಾರನ್ನು ಹೊರಗೋಡೆಗೆ ಒರಗಿಸಿಡಬೇಡಿ, ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಡಿಸೆಂಬರ್‌ನಲ್ಲಿ ಗಾಳಿ ಒಣಗಿದಾಗ ಮತ್ತೊಮ್ಮೆ ಅಳೆಯಿರಿ, ಈಗ ತಿರುಗಿಸಿದ್ದನ್ನು ವಾಪಸ್ ತಿರುಗಿಸಬೇಕಾಗಬಹುದು. ನನ್ನ ಕೇಸಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: "ಜುಲೈ, ಕಾಲು ಸುತ್ತು ಸಡಿಲ. ಡಿಸೆಂಬರ್, ಕಾಲು ಸುತ್ತು ಬಿಗಿ." ನೀವೂ ಇವತ್ತೇ ತಾರೀಕು ಹಾಕಿ ಒಂದು ಸಾಲು ಬರೆದಿಡಿ.